ಲಾಕರಿನಲ್ಲಿ ಬಚ್ಚಿಟ್ಟ ಐಡಿಯಾಗಳು

ಕಾರ್ಖಾನೆಯಾಗಲಿ ಆಫೀಸಾಗಲಿ, ‘ಇನ್ನೊವೇಶನ್’ ಎಂಬ ಮಾತು ಶುರುವಾಯಿತೆಂದರೆ ಮೊದಲು ಆಗುವ ಕೆಲಸ ಗೋಡೆಗೆ ಪೋಸ್ಟರ್ ಅಂಟಿಸುವುದು. ಅದರಲ್ಲಿ ಉರಿಯುವ ಬಲ್ಬಿನ ಚಿತ್ರ ಇರಲೇಬೇಕು. ಎರಡನೆಯದು ತರಬೇತಿ. ತುಮಕೂರು ರಸ್ತೆಯ ಯಾವುದೋ ಹೋಟೆಲಿನ ಎ.ಸಿ. ಹಾಲ್, ಬಣ್ಣಬಣ್ಣದ ಅಂಟುಚೀಟಿಗಳು, ಮಧ್ಯಾಹ್ನ ಬಫೆ ಊಟ, ಸಂಜೆ ಗ್ರೂಪ್ ಫೋಟೊ. ತರಬೇತಿ ಕೊಡುವವರು ಕನ್ನಡದವರಾದರೆ ಅನುಭವ ಮಂಟಪಕ್ಕೂ ಒಂದು ಸ್ಲೈಡು ಮೀಸಲು. ಮರುದಿನ ಎಲ್ಲರೂ ಹಳೆಯ ಕುರ್ಚಿಗೆ, ಹಳೆಯ ಮೆಷಿನ್ನಿಗೆ ವಾಪಸ್.

ಈ ಸಂಭ್ರಮದ ಹಿಂದೆ ಒಂದು ನಂಬಿಕೆಯಿದೆ. ಕೆಳಗೆ ಕೆಲಸ ಮಾಡುವವರಿಗೆ ತಾವಾಗಿ ಏನೂ ಹೊಳೆಯುವುದಿಲ್ಲ, ನಾವು ಹೊಳೆಯುವಂತೆ ಮಾಡಬೇಕು ಅಂತ. ಪೀಣ್ಯದ ಆಸುಪಾಸಿನ ಯಂತ್ರಭಾಗಗಳ ಕಾರ್ಖಾನೆಗಳಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತಾ ತಲೆ ನರೆಸಿಕೊಂಡ ನನಗೆ ಇದು ಪೂರಾ ಉಲ್ಟಾ ಅನಿಸುತ್ತದೆ. ಐಡಿಯಾಗಳಿಗೇನೂ ಬರ ಬಂದಿಲ್ಲ. ಇದ್ದವರು ಬಚ್ಚಿಟ್ಟುಕೊಂಡಿದ್ದಾರೆ. ಬಚ್ಚಿಡಲು ಅವರಿಗೆ ಕಾರಣಗಳಿವೆ, ಆ ಕಾರಣಗಳು ಬಹುಪಾಲು ನ್ಯಾಯವಾದವೇ.

ನಮ್ಮಲ್ಲಿ ಯಂತ್ರದೊಳಗಿನ ಎಣ್ಣೆಯ ಹರಿವನ್ನು ಹತೋಟಿಯಲ್ಲಿಡುವ ಹೈಡ್ರಾಲಿಕ್ ವಾಲ್ವಿನ ಬಾಡಿ ತಯಾರಾಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಕಬ್ಬಿಣದ ತುಂಡು, ಅದರೊಳಗೆ ಒಂದನ್ನೊಂದು ಅಡ್ಡ ಹಾಯುವ ರಂಧ್ರಗಳು. ಎರಡು ರಂಧ್ರಗಳು ಸೇರುವ ಕಡೆ, ಒಳಗೆ ಕಣ್ಣಿಗೆ ಕಾಣದ ಜಾಗದಲ್ಲಿ, ಲೋಹದ ಸಣ್ಣ ಮುಳ್ಳುಗಳು ಏಳುತ್ತವೆ. ಶಾಪ್‌ನಲ್ಲಿ, ಅಂದರೆ ಮೆಷಿನ್ನುಗಳಿರುವ ಕಡೆ, ಎಲ್ಲರೂ ‘ಬರ್’ ಅನ್ನುವುದು ಇದಕ್ಕೇ. ಒಂದು ಬರ್ ಉಳಿದುಕೊಂಡರೂ ಸಾಕು, ಎಣ್ಣೆಯ ಜೊತೆ ಹರಿದು ಹೋಗಿ ಗಿರಾಕಿಯ ಯಂತ್ರದಲ್ಲಿ ವಾಲ್ವು ಸಿಕ್ಕಿಕೊಳ್ಳುತ್ತದೆ, ಇಡೀ ಲಾಟ್ ವಾಪಸ್ ಬರುತ್ತದೆ. ಹಾಗಾಗಿ ಬರ್ ತೆಗೆಯುವ ಮೇಜಿನಲ್ಲಿ ತಾಳ್ಮೆ ಇರುವವರನ್ನೇ ಕೂರಿಸುವುದು ರೂಢಿ.

ಅಲ್ಲಿ ಕೂರುತ್ತಿದ್ದ ಗದಗ ಕಡೆಯ ಒಬ್ಬ ಆಪರೇಟರ್ ಊರ ಜಾತ್ರೆಗೆಂದು ರಜೆ ಹಾಕಿದ. ಬದಲಿಗೆ ಕೂತವರೂ ಅನುಭವಸ್ಥರೇ. ಆದರೂ ಆ ಮೇಜಿನಿಂದ ದಿನಕ್ಕೆ ಬರುವ ಮಾಲು ಗಣನೀಯವಾಗಿ ಇಳಿಯಿತು, ಇನ್‌ಸ್ಪೆಕ್ಷನ್‌ನವರ ಕೂಗಾಟ ಏರಿತು. ಕೊನೆಗೆ ಸೂಪರ್‌ವೈಸರ್ ಫೋನ್ ಮಾಡಿ ಸ್ಪೀಕರ್ ಹಾಕಿದರು. ಆ ಕಡೆ ತೇರಿನ ಗದ್ದಲ.

“ಏನ್ ಮಾಡ್ತಿದ್ದೆಯಪ್ಪ ನೀನು? ಇಲ್ಲಿ ಯಾರ ಕೈಲೂ ಆಗ್ತಿಲ್ಲ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು, “ಸರ, ನನ್ನ ಲಾಕರಿನ್ಯಾಗ ಒಂದ್ ಟೂಲ್ ಐತ್ರಿ. ನಾನ ಮಾಡ್ಕೊಂಡಿದ್ದು. ಬಂದ ಮ್ಯಾಲ ಕೊಡ್ತೀನ್ರಿ.”

ರಜೆ ಮುಗಿಸಿ ಬಂದು ತೋರಿಸಿದ. ಗುಜರಿಗೆ ಹೋಗಬೇಕಿದ್ದ ಮುರಿದ ರೀಮರ್, ಅಂದರೆ ರಂಧ್ರ ನಯ ಮಾಡುವ ಟೂಲ್. ಅದನ್ನು ಗ್ರೈಂಡಿಂಗ್ ವೀಲ್‌ನಲ್ಲಿ ಸವೆಸಿ, ತುದಿಯಲ್ಲಿ ಕೊಕ್ಕೆಯಂಥ ಅಂಚು ತೆಗೆದು, ಹಿಂದಕ್ಕೆ ಹಳೆಯ ಫೈಲಿನ ಮರದ ಹಿಡಿ ಹೊಡೆದಿದ್ದ. ಒಳಗೆ ತೂರಿಸಿ ಒಂದು ಸುತ್ತು ತಿರುಗಿಸಿ ಹಿಂದಕ್ಕೆಳೆದರೆ ಬರ್ ಪೂರ್ತಿ ಕಿತ್ತು ಬರುತ್ತಿತ್ತು. ಕಂಪನಿ ದುಡ್ಡು ಕೊಟ್ಟು ತರಿಸಿದ್ದ ಟೂಲ್‌ಗಿಂತ ಇದು ಎಷ್ಟೋ ವಾಸಿ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆವು. ಅವನಿಗೆ ಅದೊಂದು ಪ್ರಶ್ನೆ ಅಂತಲೇ ಅನಿಸಲಿಲ್ಲ. “ಹೇಳಿದ್ರ ನಾಳೀಂದ ಟಾರ್ಗೆಟ್ ಏರಸ್ತೀರಲ್ರಿ.”

ಹೌದು, ಏರಿಸುತ್ತಿದ್ದೆವು. ಅದರಲ್ಲಿ ಎರಡು ಮಾತಿಲ್ಲ. ಟೈಮ್ ಸ್ಟಡಿಯವರು ಸ್ಟಾಪ್‌ವಾಚ್ ಹಿಡಿದು ಬರುತ್ತಿದ್ದರು, ವಾರದೊಳಗೆ ಹೊಸ ಅಂಕಿ ಬೋರ್ಡಿನ ಮೇಲೆ ಬರುತ್ತಿತ್ತು. ಅವನ ಸಂಬಳದಲ್ಲಿ ಒಂದು ರೂಪಾಯಿಯೂ ಏರುತ್ತಿರಲಿಲ್ಲ. ಆ ಕೊಕ್ಕೆಯಿಂದ ಅವನಿಗೆ ಸಿಕ್ಕಿದ್ದೇನು? ಶಿಫ್ಟಿನ ಕೊನೆಯ ಹೊತ್ತಿನಲ್ಲಿ ಸೊಂಟ ನೋಯಿಸಿಕೊಳ್ಳದೆ, ಅವಸರವಿಲ್ಲದೆ ಕೂರುವ ಸಮಯ. ತನ್ನ ಬುದ್ಧಿಯಿಂದ ದುಡಿದ ಆ ಒಂದಿಷ್ಟು ಆರಾಮವನ್ನು ನಮ್ಮ ಕೈಗೆ ಯಾಕೆ ಕೊಡಬೇಕಿತ್ತು?

ಇದು ನಮ್ಮ ಕಾಲದ ಕಾಯಿಲೆಯಲ್ಲ. ಫ್ರೆಡರಿಕ್ ಟೇಲರ್ ಎಂಬ ಅಮೆರಿಕದ ಎಂಜಿನಿಯರ್ 1911ರಲ್ಲಿ ‘ವೈಜ್ಞಾನಿಕ ನಿರ್ವಹಣೆ’ಯ ಪುಸ್ತಕ ಪ್ರಕಟಿಸಿದಾಗಲೇ ಇದನ್ನು ಬಿಡಿಸಿ ಬರೆದಿದ್ದಾನೆ. ಅವನೇನು ಕುರ್ಚಿಯಲ್ಲಿ ಕೂತು ಬರೆದವನಲ್ಲ. ಫಿಲಡೆಲ್ಫಿಯಾದ ಮಿಡ್‌ವೇಲ್ ಸ್ಟೀಲ್ ಕಾರ್ಖಾನೆಯಲ್ಲಿ ಲೇತ್ ಓಡಿಸಿ, ಮೇಸ್ತ್ರಿಯಾಗಿ ಮೇಲೆ ಬಂದವನು. ಕೆಲಸಗಾರರು ಬೇಕೆಂದೇ ನಿಧಾನ ಮಾಡುತ್ತಾರೆ, ಯಾಕೆಂದರೆ ಜಾಸ್ತಿ ಮಾಲು ತೆಗೆದ ಕೂಡಲೇ ಮಾಲೀಕ ಮಾಲಿಗಿಷ್ಟೆಂದು ಕೊಡುವ ಪೀಸ್‌ರೇಟ್ ಕತ್ತರಿಸುತ್ತಾನೆ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ರೋಗವನ್ನು ಸರಿಯಾಗಿಯೇ ಹಿಡಿದ. ಕೊಟ್ಟ ಮದ್ದು ಮಾತ್ರ ವಿಚಿತ್ರ. ಯೋಚಿಸುವ ಕೆಲಸವನ್ನೆಲ್ಲ ಶಾಪ್‌ನಿಂದ ತೆಗೆದು ಪ್ಲ್ಯಾನಿಂಗ್ ಕೋಣೆಗೆ ಕೊಡಿ, ಕೆಳಗಿನವರು ಬರೆದುಕೊಟ್ಟಂತೆ ಮಾಡಲಿ ಎಂದ. ಶತಮಾನ ಕಳೆದರೂ ನಮ್ಮ ಪ್ರೋಸೆಸ್ ಶೀಟುಗಳು ಅವನ ಮಾತನ್ನೇ ಪಾಲಿಸುತ್ತಿವೆ. ಯೋಚನೆಯನ್ನು ಹೀಗೆ ಬೇರೆ ಕೋಣೆಗೆ ಸಾಗಿಸಿ, ಆಮೇಲೆ ಅದೇ ಶಾಪ್‌ನ ಗೋಡೆಗೆ ಬಲ್ಬಿನ ಪೋಸ್ಟರ್ ಅಂಟಿಸಿ ‘ಯೋಚಿಸಿ’ ಅನ್ನುತ್ತೇವೆ.

ಸಾಫ್ಟ್‌ವೇರ್‌ನವರು ಇದರಿಂದ ಹೊರಗಿದ್ದಾರೆ ಅಂದುಕೊಳ್ಳಬೇಡಿ. ನನ್ನ ತಂಗಿ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿದ್ದಾಳೆ. ಅವಳ ಟೀಮಿನ ಹುಡುಗನೊಬ್ಬ ಅರ್ಧ ದಿನ ಹಿಡಿಯುವ ವಾರದ ರಿಪೋರ್ಟನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುವ ಸ್ಕ್ರಿಪ್ಟ್ ಬರೆದುಕೊಂಡು, ಯಾರಿಗೂ ಹೇಳದೆ, ಪ್ರತಿ ಶುಕ್ರವಾರ ಸಂಜೆಯೇ ರಿಪೋರ್ಟ್ ಕಳಿಸುತ್ತಿದ್ದನಂತೆ. ಈಗ ಎಐ ಬಂದ ಮೇಲಂತೂ ಯಾರು ಯಾವ ಕೆಲಸಕ್ಕೆ ಏನು ಬಳಸುತ್ತಿದ್ದಾರೆ ಎಂಬುದು ಪಕ್ಕದ ಕುರ್ಚಿಯವನಿಗೂ ಗೊತ್ತಾಗುವುದಿಲ್ಲ. ಬೇಗ ಮುಗಿಸಿದವನಿಗೆ ಸಿಗುವ ಬಹುಮಾನ ಇನ್ನಷ್ಟು ಕೆಲಸ. ಸಾಲದ್ದಕ್ಕೆ, ನಿನ್ನ ಜಾಗವೇ ಬೇಕಾ ಎಂಬ ಪ್ರಶ್ನೆ. “ಅಣ್ಣಾ, ನಿಮ್ಮಲ್ಲಿ ಲಾಕರಿಗೆ ಬೀಗ, ನಮ್ಮಲ್ಲಿ ಲ್ಯಾಪ್‌ಟಾಪಿಗೆ ಪಾಸ್‌ವರ್ಡ್, ಅಷ್ಟೇ ವ್ಯತ್ಯಾಸ” ಅನ್ನುತ್ತಾಳೆ.

ಕೊಕ್ಕೆಯ ಪ್ರಸಂಗದ ನಂತರ ನಮ್ಮಲ್ಲಿ ದೊಡ್ಡ ಜಟಾಪಟಿಯೇ ನಡೆಯಿತು. ನಾನೂ ಇನ್ನಿಬ್ಬರೂ ಪಟ್ಟು ಹಿಡಿದದ್ದು ಇಷ್ಟೇ: ಕೆಲಸಗಾರನೇ ಕಂಡುಹಿಡಿದ ಸುಧಾರಣೆಯಿಂದ ಸಮಯ ಉಳಿದರೆ, ಒಂದು ವರ್ಷ ಆ ಮೇಜಿನ ಟಾರ್ಗೆಟ್‌ಗೆ ಕೈ ಹಾಕಕೂಡದು. ಫೈನಾನ್ಸ್‌ನವರು ಮುಖ ಗಂಟಿಕ್ಕಿದರು. ಹಾಗಾದರೆ ಕಂಪನಿಗೆ ಏನು ಲಾಭ? ಅದೇ ಟೂಲನ್ನು ಉಳಿದ ಮೇಜುಗಳಿಗೂ ಕೊಡಬಹುದಲ್ಲ, ರಿಜೆಕ್ಷನ್ ಇಳಿಯುತ್ತದಲ್ಲ, ಅದು ಲಾಭವಲ್ಲವೇ ಎಂದು ಲೆಕ್ಕ ತೋರಿಸಬೇಕಾಯಿತು. ಕೊನೆಗೆ ಕನ್ನಡದಲ್ಲಿ ಒಂದು ನೋಟಿಸ್ ಬಂತು, ಕೆಳಗೆ ಪ್ಲಾಂಟ್ ಹೆಡ್ ಸಹಿ. ಮೊದಲ ಕೆಲವು ತಿಂಗಳು ಯಾರೂ ನಂಬಲಿಲ್ಲ. ಕೊಕ್ಕೆಯವನ ಟಾರ್ಗೆಟ್ ನಿಜಕ್ಕೂ ಏರಲಿಲ್ಲ ಎಂದು ಖಾತ್ರಿಯಾದ ಮೇಲೆ ಲಾಕರುಗಳು ಒಂದೊಂದಾಗಿ ತೆರೆದವು. ಮಾಲಿಗೆ ಪೆಟ್ಟು ಬೀಳದಂತೆ ಟ್ರೇಗೆ ಸುತ್ತುವ ಸೈಕಲ್ ಟ್ಯೂಬಿನ ಪಟ್ಟಿ, ಕೊರೆಯುವಾಗ ತಂಪಿಗೆ ಹರಿಸುವ ಕೂಲೆಂಟ್ ತೊಟ್ಟಿಯಲ್ಲಿ ಕಬ್ಬಿಣದ ಚೂರು ಹಿಡಿಯಲು ಹಳೆಯ ಸ್ಪೀಕರಿನಿಂದ ಕಿತ್ತ ಮ್ಯಾಗ್ನೆಟ್, ರಂಧ್ರದೊಳಗೆ ಇಣುಕಲು ಬ್ಯೂಟಿ ಪಾರ್ಲರಿನ ಪುಟ್ಟ ಕನ್ನಡಿ. ಇವೆಲ್ಲ ಬಹಳ ಹಿಂದಿನಿಂದಲೂ ನಮ್ಮ ಮೂಗಿನ ಕೆಳಗೇ ಇದ್ದವು.

ಇನ್ನು ಬ್ರೈನ್‌ಸ್ಟಾರ್ಮಿಂಗ್ ಮೀಟಿಂಗಿನ ವಿಷಯ. ಇದನ್ನು ಹುಟ್ಟುಹಾಕಿದವನು ನ್ಯೂಯಾರ್ಕಿನ ಜಾಹೀರಾತು ಮನುಷ್ಯ ಅಲೆಕ್ಸ್ ಆಸ್ಬರ್ನ್. ಬಿಬಿಡಿಒ ಏಜೆನ್ಸಿಯ ಹೆಸರಿನ ಕೊನೆಯ ‘ಒ’ ಅವನದೇ. 1953ರ ತನ್ನ ಪುಸ್ತಕದಲ್ಲಿ ಅವನು ಹೇಳಿದ ನಿಯಮಗಳು ಈಗಲೂ ತರಬೇತಿ ಹಾಲುಗಳಲ್ಲಿ ಹಾಗೇ ಓಡುತ್ತಿವೆ. ಯಾರೂ ಟೀಕಿಸಬೇಡಿ, ಎಷ್ಟಾದರೆ ಅಷ್ಟು ಹೇಳಿ, ಹುಚ್ಚು ಯೋಚನೆಯಾದರೂ ಇರಲಿ, ಇನ್ನೊಬ್ಬರು ಹೇಳಿದ್ದರ ಮೇಲೆ ಕಟ್ಟಿ. ಗುಂಪಿನಲ್ಲಿ ಕೂತರೆ ಒಬ್ಬೊಬ್ಬರಿಗೂ ಜಾಸ್ತಿ ಹೊಳೆಯುತ್ತದೆ ಎಂಬುದು ಅವನ ವಾದ. ಕೇಳಲು ಚೆನ್ನಾಗಿತ್ತು, ಜಗತ್ತು ನಂಬಿತು.

ಐದೇ ವರ್ಷಕ್ಕೆ, 1958ರಲ್ಲಿ, ಯೇಲ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ ನೋಡಿದರು. ನಾಲ್ಕು ಜನರನ್ನು ಒಟ್ಟಿಗೆ ಕೂರಿಸಿ ಹೊರಟ ಐಡಿಯಾಗಳನ್ನು ಎಣಿಸಿದರು. ಬೇರೆ ನಾಲ್ವರನ್ನು ಒಬ್ಬೊಬ್ಬರನ್ನೇ ಪ್ರತ್ಯೇಕ ಕೂರಿಸಿ, ಬಂದದ್ದನ್ನು ಒಟ್ಟುಗೂಡಿಸಿ, ಎರಡು ಸಲ ಬಂದದ್ದನ್ನು ಒಮ್ಮೆ ಮಾತ್ರ ಲೆಕ್ಕಕ್ಕೆ ಹಿಡಿದರು. ಒಂಟಿಯಾಗಿ ಕೂತವರದ್ದು ಹೆಚ್ಚುಕಡಿಮೆ ಎರಡರಷ್ಟಿತ್ತು. ಆಮೇಲೆ ಎಷ್ಟೋ ಜನ ಎಷ್ಟೋ ಸಲ ಮಾಡಿ ನೋಡಿದರೂ ಗುಂಪಿನ ಗತಿ ಸುಧಾರಿಸಲಿಲ್ಲ. ಕಾರಣ ಹುಡುಕಿದವರು ಜರ್ಮನಿಯ ಟ್ಯೂಬಿಂಗನ್‌ನ ಡೀಲ್ ಮತ್ತು ಸ್ಟ್ರೋಬೆ, 1987ರಲ್ಲಿ. ಮುಖ್ಯ ಕಾರಣ ನಾಚಿಕೆಯೂ ಅಲ್ಲ, ಸೋಮಾರಿತನವೂ ಅಲ್ಲ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕಲ್ಲ, ಅದು. ಸರದಿಗೆ ಕಾಯುತ್ತಾ ಕೂತವನು ತನ್ನದನ್ನು ಮರೆತುಬಿಡುತ್ತಾನೆ, ಅಥವಾ ಮರೆಯದಿರಲೆಂದು ಅದನ್ನೇ ಹಿಡಿದುಕೊಂಡು ಹೊಸದು ಯೋಚಿಸುವುದನ್ನು ಬಿಡುತ್ತಾನೆ. ಆಸ್ಬರ್ನ್‌ಗೆ ಅನ್ಯಾಯ ಮಾಡಬಾರದು. ಗುಂಪಿಗೆ ಮೊದಲು ಮತ್ತು ನಂತರ ಒಬ್ಬೊಬ್ಬರೇ ಕೂತು ಯೋಚಿಸಬೇಕು ಅಂತ ಅವನೂ ಹೇಳಿದ್ದ. ಆ ಭಾಗ ತರಬೇತಿಯವರ ಸ್ಲೈಡಿಗೆ ಬರುವುದೇ ಇಲ್ಲ.

ಯೇಲ್‌ನಲ್ಲಿ ಕೂತಿದ್ದವರು ಸಮಾನ ವಯಸ್ಸಿನ ವಿದ್ಯಾರ್ಥಿಗಳು. ನಮ್ಮ ಕಾನ್ಫರೆನ್ಸ್ ರೂಮಿನ ಕಥೆಯೇ ಬೇರೆ. ಮೇಜಿನ ತಲೆಗೆ ವೈಸ್ ಪ್ರೆಸಿಡೆಂಟ್, ಇಬ್ಬದಿಗೆ ಮ್ಯಾನೇಜರುಗಳು, ಗೋಡೆಗೆ ಆನಿಸಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಯೂನಿಫಾರಂ ಹಾಕಿದ ಲೈನ್‌ನವರು. ಮಾತು ಇಂಗ್ಲಿಷಿನಲ್ಲಿ. ಕನ್ನಡದವರು ತಲೆ ಆಡಿಸುತ್ತಾರೆ, ಒಡಿಶಾ ಬಿಹಾರದ ಹುಡುಗರು ಅದನ್ನೂ ಮಾಡುವುದಿಲ್ಲ. ಮೊದಲು ಯಾರು ಬಾಯಿ ತೆರೆಯಬೇಕು ಎಂಬುದು ಹುದ್ದೆಯಿಂದಲೇ ತೀರ್ಮಾನವಾಗಿರುತ್ತದೆ. ದೊಡ್ಡವರು ಒಂದು ಹೇಳುತ್ತಾರೆ. ಆಮೇಲಿನ ಅರ್ಧ ಗಂಟೆ “ಸರ್ ಹೇಳಿದ ಹಾಗೆ”, “ಸರ್ ಪಾಯಿಂಟ್‌ಗೆ ಇನ್ನೊಂದು ಸೇರಿಸೋದಾದರೆ”. ಅದು ಮುಗಿದು ಹೊರಗೆ ಟೀ ಕುಡಿಯುವಾಗ, ಬೀಡಿ ಹಚ್ಚಿಕೊಂಡ ಫಿಟ್ಟರ್ ಒಬ್ಬರು “ಅದಲ್ಲ ಸಾರ್, ಆ ಮೆಷಿನ್ನಿನ ಬೆಡ್ಡೇ ಒಂಚೂರು ವಾಲಿದೆ, ಮೊದಲು ಅದು ನೋಡಿ” ಎನ್ನುತ್ತಾರೆ. ಆ ದಿನದ ಮೀಟಿಂಗಿನಲ್ಲಿ ಉಪಯೋಗಕ್ಕೆ ಬರುವ ಮಾತು ಅದೊಂದೇ ಆಗಿರುತ್ತದೆ, ಮಿನಿಟ್ಸ್‌ನಲ್ಲಿ ಮಾತ್ರ ಇರುವುದಿಲ್ಲ.

ಈಗ ನಾವು ಮೊದಲು ಬರೆಸುತ್ತೇವೆ. ಇದೂ ನಮ್ಮ ತಲೆಯಿಂದ ಬಂದದ್ದಲ್ಲ. ಜರ್ಮನಿಯ ಬೆರ್ಂಡ್ ರೋರ್‌ಬಾಖ್ 1968ರಲ್ಲಿ ತಂದ ‘6-3-5’ ಪದ್ಧತಿ. ಆರು ಜನ, ತಲಾ ಮೂರು ಯೋಚನೆ, ಐದು ನಿಮಿಷ. ಹಾಳೆಯನ್ನು ಪಕ್ಕದವರಿಗೆ ದಾಟಿಸಿ, ಅವರು ಬರೆದದ್ದನ್ನು ಓದಿ ಕೆಳಗೆ ಮತ್ತೆ ಮೂರು. ಒಂದು ಸುತ್ತು ಪೂರ್ತಿಯಾಗುವಷ್ಟರಲ್ಲಿ ಅರ್ಧ ಗಂಟೆ, 108 ಯೋಚನೆ. ನಾವು ಐದು ನಿಮಿಷದ ನಿಯಮವನ್ನು ಸಡಿಲಿಸಿಕೊಂಡೆವು, ಕೈಬರಹ ನಿಧಾನದವರಿದ್ದಾರೆ. ಯಾವ ಭಾಷೆಯಾದರೂ ಸರಿ, ಚಿತ್ರವಾದರೂ ಸರಿ. ಬರೆಯಲು ಹಿಂಜರಿಯುವವರ ಪಕ್ಕ ಒಬ್ಬ ಟ್ರೇನಿ ಕೂತು ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಾನೆ. ದೊಡ್ಡವರು ಬಂದರೆ ಅವರ ಸರದಿ ಕೊನೆಗೆ. ಇದನ್ನು ಅವರಿಗೆ ಹೇಳುವುದಕ್ಕೆ ಮಾತ್ರ ಸ್ವಲ್ಪ ಎದೆ ಗಟ್ಟಿ ಬೇಕು.

ಟೀಕೆ ಮಾಡಬಾರದೆಂಬ ನಿಯಮವನ್ನೂ ಬಿಟ್ಟೆವು. ಅಮೆರಿಕದ ಮನಶ್ಶಾಸ್ತ್ರಜ್ಞೆ ಶಾರ್ಲನ್ ನೆಮೆತ್ ಮತ್ತು ಸಂಗಡಿಗರು ಅಮೆರಿಕ, ಫ್ರಾನ್ಸ್ ಎರಡೂ ಕಡೆ ಪ್ರಯೋಗ ಮಾಡಿ, ವಾದಿಸಿ ಎಂದು ಹೇಳಿದ ಗುಂಪುಗಳಿಗೆ ಯೋಚನೆ ಕಡಿಮೆಯಾಗುವುದಿಲ್ಲ, ಬದಲಿಗೆ ಹೆಚ್ಚುತ್ತದೆ ಎಂದು 2004ರಲ್ಲಿ ಪ್ರಕಟಿಸಿದರು. ನಮ್ಮ ಮೆಂಟೆನೆನ್ಸ್‌ನ ಹಿರಿಯರೊಬ್ಬರು “ಆಗಲ್ಲ” ಎಂದೇ ಮಾತು ಶುರು ಮಾಡುವ ಜಾತಿ. ಆದರೆ ಅವರ “ಆಗಲ್ಲ”ದ ಹಿಂದೆ “ಯಾಕಂದ್ರೆ” ಇರುತ್ತದೆ. ಕೂಲೆಂಟ್ ಒಳಗೆ ನುಗ್ಗುತ್ತೆ, ಆ ಬೇರಿಂಗ್ ಮೂರು ತಿಂಗಳಿಗೆ ಹೋಗುತ್ತೆ. ಹೊಸ ಹುಡುಗರು ಆ “ಯಾಕಂದ್ರೆ”ಯನ್ನು ಹಿಡಿದು ಎರಡನೆಯ ಡ್ರಾಯಿಂಗ್ ಮಾಡುತ್ತಾರೆ. “ಆಗಲ್ಲ” ಎಂದಷ್ಟೇ ಹೇಳಿ ಎದ್ದು ಹೋಗುವವರು ಬೇರೆ ಇದ್ದಾರೆ. ಅವರು ಬಹುಪಾಲು ಮೇಲಿನ ಮಹಡಿಯವರು.

ಮೀಟಿಂಗಿಗಿಂತ ಹಳೆಯ ಸಾಧನ ಸಲಹಾ ಪೆಟ್ಟಿಗೆ. ಜಪಾನಿನ ಎಂಟನೆಯ ತೊಕುಗಾವಾ ಶೋಗುನ್ (ದೇಶ ಆಳುವ ಸೇನಾಧಿಪತಿ) ಯೊಶಿಮುನೆ 1721ರಲ್ಲಿ ಎದೊ ನಗರದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಸಾಮಾನ್ಯ ಜನ ಅಹವಾಲು ಹಾಕಲೆಂದು ಒಂದು ಪೆಟ್ಟಿಗೆ ಇಡಿಸಿದ. ತಿಂಗಳಿಗೆ ಮೂರು ದಿನ ಅದು ಹೊರಗೆ ಬರುತ್ತಿತ್ತು. ನನಗೆ ಅದರಲ್ಲಿ ಹಿಡಿಸಿದ್ದು ಬೀಗದ ಕೈಯ ವಿಷಯ. ನಡುವಿನ ಅಧಿಕಾರಿಗಳು ಯಾರೂ ತೆರೆಯುವಂತಿರಲಿಲ್ಲ, ಪೆಟ್ಟಿಗೆ ಶೋಗುನ್‌ನ ಮುಂದೆಯೇ ಬಿಚ್ಚಬೇಕಿತ್ತು. ಬರೆದವರು ಹೆಸರು, ವಿಳಾಸ ಹಾಕಬೇಕಿತ್ತು. ಒಗಾವಾ ಶೋಸೆನ್ ಎಂಬ ಊರ ವೈದ್ಯ ಬಡವರಿಗೆ ಧರ್ಮಾಸ್ಪತ್ರೆ ಬೇಕೆಂದು ಬರೆದು ಹಾಕಿದ. ಪೆಟ್ಟಿಗೆ ಇಟ್ಟ ಮರುವರ್ಷವೇ, 1722ರಲ್ಲಿ, ಕೊಯಿಶಿಕಾವಾದ ಔಷಧಿ ತೋಟದಲ್ಲಿ ಆಸ್ಪತ್ರೆ ಎದ್ದಿತು. ಆ ತೋಟ ಈಗ ಟೋಕಿಯೊ ವಿಶ್ವವಿದ್ಯಾಲಯದ ಸಸ್ಯೋದ್ಯಾನ, ಆಸ್ಪತ್ರೆಯ ಬಾವಿ ಇನ್ನೂ ಅಲ್ಲಿದೆ. ಪೆಟ್ಟಿಗೆಗೆ ಚೀಟಿ ಹಾಕಿದ ವರ್ಷದೊಳಗೆ ಆಸ್ಪತ್ರೆ! ನಮ್ಮಲ್ಲಿ ಟಾಯ್ಲೆಟ್ಟಿನ ನಲ್ಲಿ ಬದಲಾಯಿಸಲು ಅದಕ್ಕಿಂತ ಹೆಚ್ಚು ಸಮಯ ಹಿಡಿದದ್ದುಂಟು.

ತಮಾಷೆಗಲ್ಲ ಹೇಳಿದ್ದು. ಹಿಂದೆ ನಾನಿದ್ದ ಒಂದು ಕಾರ್ಖಾನೆಯಲ್ಲಿ ಸಲಹಾ ಪೆಟ್ಟಿಗೆಯ ಬೀಗದ ಕೈ ಎಲ್ಲಿ ಹೋಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಗೋಡೆಗೆ ಬಣ್ಣ ಹೊಡೆಯಲು ಅದನ್ನು ಇಳಿಸಿದಾಗ ಬೀಗ ಒಡೆದು ನೋಡಿದರು. ಒಳಗಿದ್ದುದು ಬಹುಪಾಲು ಕ್ಯಾಂಟೀನಿನ ಸಾಂಬಾರು, ತಿರುಗದ ಫ್ಯಾನು, ಸೋರುವ ನಲ್ಲಿಯ ಮಾತು. ಎಚ್.ಆರ್. ಸಾಹೇಬರು ಇದನ್ನೇ ಹಿಡಿದುಕೊಂಡು “ನೋಡಿ, ಇವರಿಗೆ ಇನ್ನೊವೇಶನ್ ಅಂದರೆ ಏನಂತಲೇ ಗೊತ್ತಿಲ್ಲ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಮೆರಿಕದ ಕೊಡಾಕ್ ಕಂಪನಿ 1898ರಲ್ಲಿ ತನ್ನ ಸಲಹಾ ಯೋಜನೆಯಲ್ಲಿ ಮೊದಲ ಬಹುಮಾನ, ಎರಡು ಡಾಲರ್, ಕೊಟ್ಟದ್ದು ಯಾವ ಹೊಸ ಕ್ಯಾಮೆರಾಕ್ಕೂ ಅಲ್ಲ. ಕಿಟಕಿ ಗಾಜು ತೊಳೆಸಿ, ಒಳಗೆ ಬೆಳಕು ಬರಲಿ ಎಂದವನಿಗೆ. ಜನ ಮೊದಲು ಫ್ಯಾನಿನ ಮಾತು ಆಡಿ ನೋಡುತ್ತಾರೆ. ಅದಕ್ಕೆ ಉತ್ತರ ಬಂದರೆ ತಾನೇ ಫಿಕ್ಸ್ಚರಿನ, ಅಂದರೆ ಮಾಲನ್ನು ಬಿಗಿಹಿಡಿಯುವ ಚೌಕಟ್ಟಿನ, ಮಾತು ಹೊರಗೆ ಬರುವುದು? ಫ್ಯಾನಿಗೇ ಉತ್ತರ ಕೊಡದವನ ಹತ್ತಿರ ಯಾರು ತಮ್ಮ ಬುದ್ಧಿ ಖರ್ಚು ಮಾಡುತ್ತಾರೆ?

ಟೊಯೊಟಾದವರು ಈ ಗುಟ್ಟು ಹಿಡಿದರು. ಐಜಿ ಟೊಯೊಡಾ 1950ರಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆ ನೋಡಿ ಬಂದ ಮೇಲೆ, ಅಲ್ಲಿದ್ದ ಸಲಹಾ ಪದ್ಧತಿಯನ್ನು 1951ರಲ್ಲಿ ತಮ್ಮಲ್ಲೂ ಶುರು ಮಾಡಿದರು. ಅವರ ಲೈನ್‌ನಲ್ಲಿ ತಲೆಯ ಮೇಲೊಂದು ಹಗ್ಗ ಓಡುತ್ತದೆ, ಈಗ ಕೆಲವು ಕಡೆ ಅದರ ಬದಲು ಗುಂಡಿ. ತೊಂದರೆ ಕಂಡ ಕೆಲಸಗಾರ ಅದನ್ನೆಳೆದರೆ ದೀಪ ಹತ್ತುತ್ತದೆ, ಟೀಮ್ ಲೀಡರ್ ಬರುತ್ತಾನೆ, ಆ ಸ್ಟೇಷನ್ನಿನ ಹೊತ್ತು ಮುಗಿಯುವುದರೊಳಗೆ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಎಲ್ಲರೂ ಹಗ್ಗದ ಬಗ್ಗೆ ಹೇಳುತ್ತಾರೆ. ಎಳೆದ ಕೂಡಲೇ ಓಡಿ ಬರುವ ಮನುಷ್ಯನಿಲ್ಲದಿದ್ದರೆ ಆ ಹಗ್ಗವನ್ನು ಎರಡನೆಯ ಸಲ ಯಾರೂ ಎಳೆಯುವುದಿಲ್ಲ. ಬಿಡದಿಯಲ್ಲಿ 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಸ್ಥಾಪನೆಯಾದ ಮೇಲೆ ಅವರಿಗೆ ಮಾಲು ಕೊಡುವವರ ಮೂಲಕ ಕೈಜೆನ್ (ಚಿಕ್ಕಚಿಕ್ಕ ಸುಧಾರಣೆ), ಆಂಡನ್ (ಆ ಹಗ್ಗ-ದೀಪದ ಏರ್ಪಾಡು), ಗೆಂಬಾ (ಕೆಲಸ ನಡೆಯುವ ಜಾಗ) ಎಲ್ಲ ಬೆಂಗಳೂರಿನ ಸುತ್ತಲಿನ ಶೆಡ್ಡುಗಳ ಬಾಯಿಮಾತಾದವು. “ಗೆಂಬಾಗೆ ಹೋಗೋಣ ಬನ್ನಿ” ಎನ್ನುವ ಸೂಪರ್‌ವೈಸರುಗಳು ಪೀಣ್ಯದಲ್ಲಿ ಬೇಕಾದಷ್ಟಿದ್ದಾರೆ.

ಆದರೆ ಅದನ್ನೂ ನಾವು ನಮ್ಮದೇ ರೀತಿಯಲ್ಲಿ ಕೆಡಿಸಿಕೊಂಡೆವು. ತಿಂಗಳಿಗೆ ತಲೆಗೊಂದು ಕೈಜೆನ್ ಎಂದು ಲೆಕ್ಕ ಬರೆದಿಟ್ಟರೆ ಏನಾಗುತ್ತದೆ? ಕಸಬರಿಕೆ ಮೂಲೆಯಲ್ಲಿದ್ದ ಫೋಟೊ ‘ಬಿಫೋರ್’, ಮೊಳೆಗೆ ನೇತು ಹಾಕಿದ ಫೋಟೊ ‘ಆಫ್ಟರ್’. ಮುಂದಿನ ತಿಂಗಳು ನೆಲದ ಮೇಲೆ ಹಳದಿ ಗೆರೆ. ಆಡಿಟ್‌ಗೆ ಬಂದವರು ಫೈಲು ನೋಡಿ ಖುಷಿಯಾಗಿ ಹೋಗುತ್ತಾರೆ. ಕೆಲಸಗಾರರೇ ಗುಂಪಾಗಿ ಕೂತು ತಮ್ಮ ಕೆಲಸದ ತೊಂದರೆ ಬಿಡಿಸುವ ಕ್ವಾಲಿಟಿ ಸರ್ಕಲ್‌ಗಳ ಪಾಡೂ ಅಷ್ಟೇ. 1962ರ ಸುಮಾರಿಗೆ ಜಪಾನಿನಲ್ಲಿ ಹುಟ್ಟಿ, 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಮೂಲಕ ಭಾರತಕ್ಕೆ ಬಂದ ಒಳ್ಳೆಯ ಪದ್ಧತಿ ಅದು. ಎಷ್ಟೋ ಕಡೆ ಸ್ಪರ್ಧೆಯಲ್ಲಿ ನಾಟಕವಾಡಿ ಕಪ್ ಗೆದ್ದು ತರುವ ತಂಡವಾಗಿ ಉಳಿದುಕೊಂಡಿದೆ. ನಮ್ಮಲ್ಲಿ ಈಗ ಲೆಕ್ಕ ಇಡುವುದು ಎಷ್ಟು ಸಲಹೆ ಬಂತು ಎಂದಲ್ಲ, ಎಷ್ಟಕ್ಕೆ ವಾರದೊಳಗೆ ಉತ್ತರ ಹೋಯಿತು ಎಂದು. ಉತ್ತರ “ಇಲ್ಲ” ಎಂದಾದರೂ ಪರವಾಗಿಲ್ಲ. ಅದನ್ನು ಅವನ ಮೆಷಿನ್ನಿನ ಹತ್ತಿರ ಹೋಗಿ, ಕಾರಣ ಸಹಿತ ಹೇಳಬೇಕು. ಮ್ಯಾನೇಜರುಗಳಿಗೆ ಈ ಲೆಕ್ಕ ಅಷ್ಟಾಗಿ ಇಷ್ಟವಿಲ್ಲ, ಯಾಕೆಂದರೆ ಇದರಲ್ಲಿ ಮಾರ್ಕ್ಸ್ ಬೀಳುವುದು ಅವರಿಗೆ.

ಇಷ್ಟಾದರೂ ಒಂದು ವಿಷಯ ಉಳಿಯುತ್ತದೆ. ಪ್ರಶ್ನೆ ಯಾರದು? ನಾವು ಮೀಟಿಂಗ್ ಕರೆದಾಗ ಸಮಸ್ಯೆಯನ್ನು ಮೊದಲೇ ಬೋರ್ಡಿನ ಮೇಲೆ ಬರೆದಿರುತ್ತೇವೆ, ಉತ್ತರ ಮಾತ್ರ ಅವರು ಹೇಳಬೇಕು. ಇದರ ಬಗ್ಗೆ ನನಗೆ ಕಣ್ಣು ತೆರೆಸಿದ್ದು ಕಾರ್ಖಾನೆಯ ಕಥೆಯಲ್ಲ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಹಚ್ಚುವುದು ಅದರ ಗುರಿ. ಕಡಿಮೆ ಸೌದೆಯ, ಹೊಗೆ ಹೊರಗೆ ಹೋಗುವ ‘ಅಸ್ತ್ರ ಒಲೆ’ ನಮ್ಮ ಎಷ್ಟೋ ಅಡುಗೆಮನೆಗಳಿಗೆ ಬಂದದ್ದು ಅಲ್ಲಿಂದಲೇ. ಪುರದಲ್ಲಿ ಅವರು ಲೆಕ್ಕ ಹಾಕಿದಾಗ ಊರಿನ ಶಕ್ತಿಯಲ್ಲಿ ದೊಡ್ಡ ಪಾಲು ಅಡುಗೆಯ ಸೌದೆಗೆ ಹೋಗುವುದು ಕಂಡಿತು. ಹಾಗಾಗಿ ಸಗಣಿಯಿಂದ ಗೋಬರ್ ಗ್ಯಾಸ್ ಮಾಡಿ ಅಡುಗೆಗೆ ಕೊಡುವುದು ಎಂದಾಯಿತು. ಕಾಗದದ ಮೇಲೆ ತಪ್ಪೇನಿಲ್ಲ. ಊರಿನ ಸಗಣಿ ಎಲ್ಲರ ಅಡುಗೆಗೆ ಸಾಲಲಿಲ್ಲ, ಯೋಜನೆ ನಿಂತಿತು. ಊರವರ ಜೊತೆ ಮತ್ತೆ ಕೂತಾಗ ಅವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಕುಡಿಯುವ ನೀರು ಎಂದು ತಿಳಿಯಿತು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ವಿದ್ಯುತ್ ತೆಗೆದು, ಬೋರ್‌ವೆಲ್ಲಿನ ನೀರನ್ನು ನಲ್ಲಿಗೂ ಬೆಳಕನ್ನು ಮನೆಗಳಿಗೂ ಕೊಟ್ಟರು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ಸಣ್ಣ ಹಣ, ಗೊಬ್ಬರಕ್ಕೆ ಬಗ್ಗಡ ವಾಪಸ್. ಆಗ ಅದು ನಡೆಯಿತು. ದೇಶದ ಅತ್ಯಂತ ಬುದ್ಧಿವಂತರು ತುಂಬಿದ ಸಂಸ್ಥೆಯ ಒಳ್ಳೆಯ ಮನಸ್ಸಿನವರಿಗೂ ಪ್ರಶ್ನೆಯನ್ನೇ ಮತ್ತೆ ಕೇಳಿಕೊಳ್ಳಬೇಕಾಯಿತು. ರೆಡ್ಡಿಯವರು ಅದನ್ನು ಮುಚ್ಚಿಡದೆ ಬರೆದರು.

ಪುರದ ಕಥೆ ಓದಿದ ಮೇಲೆ ನಾನು ಬೋರ್ಡನ್ನು ಖಾಲಿ ಬಿಟ್ಟು ಕೇಳಲು ಶುರು ಮಾಡಿದೆ: ಈ ವಾರ ನಿಮಗೆ ಎಲ್ಲಕ್ಕಿಂತ ಕಿರಿಕಿರಿ ಮಾಡಿದ್ದು ಯಾವುದು? ಸೈಕಲ್ ಟೈಮ್, ಅಂದರೆ ಒಂದು ಮಾಲಿಗೆ ಹಿಡಿಯುವ ಹೊತ್ತು, ಇಳಿಸುವುದು ಹೇಗೆ ಎಂದು ಕೇಳಿದಾಗ ತುಟಿ ಬಿಚ್ಚದವರು ಇದಕ್ಕೆ ಬಾಯಿತುಂಬ ಹೇಳುತ್ತಾರೆ. ಕಿರಿಕಿರಿಗಳಲ್ಲಿ ಅರ್ಧ ಸೈಕಲ್ ಟೈಮಿನವೇ ಆಗಿರುತ್ತವೆ.

ಕೈ ಬಿಗಿ ಹಿಡಿಯುವ ಯಜಮಾನರಿಗೆ ಪ್ರಿಯವಾದ ಒಂದು ಫೋಟೊ ಇದೆ. 1981ರಲ್ಲಿ ಇಸ್ರೊದ 'ಆ್ಯಪಲ್' ಉಪಗ್ರಹ ಎತ್ತಿನ ಗಾಡಿಯ ಮೇಲೆ ಕೂತದ್ದು. “ನೋಡಿ, ಏನೂ ಇಲ್ಲದೆ ಹೇಗೆ ಮಾಡಿದರು! ನಿಮಗೆ ಮಾತ್ರ ಬಜೆಟ್ ಬೇಕು” ಎಂದು ಹೇಳಲು ಇದು ಬಹಳ ಅನುಕೂಲ. ನಿಜ ಸಂಗತಿ ಬೇರೆ. ಆ್ಯಂಟೆನಾ ಪರೀಕ್ಷೆಗೆ ಸುತ್ತ ಲೋಹದ ಅಡ್ಡಿಯಿಲ್ಲದ ಆಸನ ಬೇಕಿತ್ತು, ಲಾರಿಯಲ್ಲಿ ಅದು ಆಗದ ಮಾತು, ಮರದ ಗಾಡಿಯಲ್ಲಿ ಆಯಿತು. ಅದು ಬಡತನದ ಚಿತ್ರವಲ್ಲ, ಸಮಸ್ಯೆ ಸರಿಯಾಗಿ ಅರ್ಥವಾದವರ ಚಿತ್ರ. ಅದಕ್ಕೂ ಮೊದಲು ನಮ್ಮ ಪೀಣ್ಯದ ಶೆಡ್ಡುಗಳಲ್ಲೇ, ಉಡುಪಿ ಕಡೆಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ, ‘ಆರ್ಯಭಟ’ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿತು. ಶೆಡ್ಡು ಸಾದಾ ಇರಬಹುದು. ಆದರೆ ಒಳಗೆ ಧೂಳಿಲ್ಲದ ಕೋಣೆ ಕಟ್ಟಿಕೊಟ್ಟಿದ್ದರು, ಆ ಹುಡುಗರನ್ನು ಆ ಒಂದು ಕೆಲಸಕ್ಕೇ ಬಿಟ್ಟಿದ್ದರು. ಕಕ್ಷೆ ಸೇರಿದ ಕೆಲವೇ ದಿನಕ್ಕೆ ವಿದ್ಯುತ್ ತೊಂದರೆಯಿಂದ ಅದರ ವಿಜ್ಞಾನ ಪ್ರಯೋಗಗಳು ನಿಂತವು. ಹಾಗೆಂದು ಯಾರೂ ಅಂಗಡಿ ಮುಚ್ಚಿಸಲಿಲ್ಲ.

ನಮ್ಮ ಮಟ್ಟಕ್ಕೆ ಇದೆಲ್ಲ ಟೂಲ್ ರೂಮಿನ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ. ಒಬ್ಬನಿಗೆ ಏನೋ ಹೊಳೆದರೆ ಅದನ್ನು ಮಾಡಿ ನೋಡಲು ಯಾವ ಹೊತ್ತಿನಲ್ಲಿ, ಯಾವ ಮೆಷಿನ್ನಿನಲ್ಲಿ? ಶನಿವಾರ ಮಧ್ಯಾಹ್ನ ಟೂಲ್ ರೂಮಿನ ಒಂದು ಲೇತು, ಒಂದು ಗ್ರೈಂಡರು, ಗುಜರಿ ಡಬ್ಬದ ಮಾಲು ಯಾರು ಬೇಕಾದರೂ ಬಳಸಬಹುದು ಎಂದು ಮಾಡಿದ್ದೇವೆ. ಜಾಬ್ ಕಾರ್ಡ್ ಬೇಡ, ಟೂಲ್ ರೂಮಿನವರೊಬ್ಬರು ಸುರಕ್ಷತೆ ನೋಡಿಕೊಳ್ಳಬೇಕು ಅಷ್ಟೇ. ಅಲ್ಲಿ ಆಗುವುದರಲ್ಲಿ ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಒಬ್ಬರು ಮಗಳ ಸೈಕಲ್ಲಿಗೆ ಸ್ಟ್ಯಾಂಡ್ ಮಾಡಿಕೊಂಡರು, ನಾನು ನೋಡಿಯೂ ನೋಡದಂತಿದ್ದೆ. ಅದೇ ಕೈ ಮುಂದೆ ವೆಲ್ಡಿಂಗ್ ಫಿಕ್ಸ್ಚರಿಗೆ ಒಂದು ಒಳ್ಳೆಯ ಕ್ಲ್ಯಾಂಪ್ ಮಾಡಿತು.

ಈಗ ಸಿಕ್ಕಿಕೊಂಡಿರುವುದು ಹಣದ ಲೆಕ್ಕದಲ್ಲಿ. ಉಳಿತಾಯದಲ್ಲಿ ಒಂದು ಪಾಲು ಸಲಹೆ ಕೊಟ್ಟವರಿಗೆ ಎಂದು ಒಪ್ಪಿಗೆಯೇನೋ ಸಿಕ್ಕಿತು. ಆದರೆ ಲೈನ್‌ನಲ್ಲಿರುವ ಅರ್ಧಕ್ಕಿಂತ ಹೆಚ್ಚು ಜನ ಕಾಂಟ್ರಾಕ್ಟ್‌ನವರು. ಅವರ ಹೆಸರು ನಮ್ಮ ಸಂಬಳದ ಪಟ್ಟಿಯಲ್ಲಿಲ್ಲ. ಕಂಪನಿ ನೇರವಾಗಿ ಹಣ ಕೊಟ್ಟರೆ ನಾಳೆ ಅವರನ್ನು ನಮ್ಮ ನೌಕರರೆಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಎಚ್.ಆರ್.ನವರ ಭಯ. ಕಾಂಟ್ರಾಕ್ಟರ್ ಮೂಲಕ ಕೊಟ್ಟರೆ ಅದು ಪೂರ್ತಿ ಅವರ ಕೈ ಸೇರುತ್ತದೆ ಎಂಬ ನಂಬಿಕೆ ನನಗಿಲ್ಲ. ಸದ್ಯಕ್ಕೆ ಕೂಪನ್ ಕೊಡುತ್ತಿದ್ದೇವೆ, ಪ್ರೆಷರ್ ಕುಕ್ಕರು, ಮಿಕ್ಸಿ. ಊರಿಗೆ ಸಾಗಿಸಲು ಆಗದೆ ಆ ಕುಕ್ಕರುಗಳು ರಾಜಗೋಪಾಲನಗರದ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಮಾರಾಟವಾಗುತ್ತಿವೆ ಎಂದು ಮೊನ್ನೆ ಒಬ್ಬ ಹುಡುಗ ಹೇಳಿದ. ಒಡಿಶಾದವನು, ಪ್ಯಾಕಿಂಗ್‌ನಲ್ಲಿದ್ದಾನೆ. ಅವನ ಹತ್ತಿರ ಪೆಟ್ಟಿಗೆಗಳ ಒಳಗೆ ಮಾಲು ಜೋಡಿಸುವ ಬಗ್ಗೆ ಏನೋ ಇದೆ, ನನಗೆ ಅನುಮಾನ. ಕೇಳಿದರೆ ನಗುತ್ತಾನೆ. “ಪೆಹಲೆ ಪೈಸೆ ಕಾ ಬಾತ್ ಫಿಕ್ಸ್ ಕರೋ ಸರ್” ಅನ್ನುತ್ತಾನೆ, ಮೊದಲು ದುಡ್ಡಿನ ಮಾತು ತೀರ್ಮಾನ ಮಾಡಿ ಅಂತ. ಎಚ್.ಆರ್.ಗೆ ಮೂರನೆಯ ಪತ್ರ ಬರೆಯುತ್ತಿದ್ದೇನೆ.